ಬೆಳಕಿನ ಪುಡಿಯೂ ಫಿರಂಗಿಯ ಲೆಕ್ಕವೂ

2006ರ ಮಾತು. ಹಾಸನದ ಒಂದು ಸಣ್ಣ ವಿಡಿಯೋ ಮಿಕ್ಸಿಂಗ್ ಅಂಗಡಿಯಲ್ಲಿ ನಾನು ಕೆಲಸಕ್ಕಿದ್ದೆ. ಮದುವೆ, ಗೃಹಪ್ರವೇಶ, ನಾಮಕರಣಗಳ ಕ್ಯಾಸೆಟ್ಟುಗಳು ಬರುತ್ತಿದ್ದವು. ಅವನ್ನು ಕತ್ತರಿಸಿ, ಹಾಡು ಕೂಡಿಸಿ, ಹೃದಯದಾಕಾರದ ಚೌಕಟ್ಟಿನೊಳಗೆ ವಧೂವರರನ್ನು ಕೂರಿಸಿ ಸಿ.ಡಿ. ಮಾಡಿಕೊಡುವುದು ನಮ್ಮ ಕಸುಬು. ಒಂದು ದಿನ ಮದುಮಗಳ ತಂದೆಯೊಬ್ಬರು ಬಂದು ವಿಚಿತ್ರ ಬೇಡಿಕೆ ಇಟ್ಟರು. ಹಾರ ಬದಲಾಯಿಸುವ ಹೊತ್ತಿಗೆ ಮಂಟಪದ ಮೇಲಿಂದ ನಕ್ಷತ್ರದ ಪುಡಿ ಇಳಿದು ಬಂದು ಮಗಳ ಕೈಯಲ್ಲಿರುವ ಹಾರಕ್ಕೆ ಸೇರಿಕೊಳ್ಳಬೇಕು, ಯಾವುದೋ ಟಿ.ವಿ. ಧಾರಾವಾಹಿಯಲ್ಲಿ ಹಾಗೆ ನೋಡಿದ್ದೇನೆ ಎಂದರು. ಅಂಗಡಿಯ ಯಜಮಾನರು ನನ್ನ ಮುಖ ನೋಡಿ, "ಆಗುತ್ತೆ ಸಾರ್, ನಮ್ಮ ಹುಡುಗ ಮಾಡ್ತಾನೆ" ಅಂದುಬಿಟ್ಟರು.

ಹುಡುಗ ಮಾಡಿದ. ನಕ್ಷತ್ರಗಳು ಇಳಿದು ಬಂದವು. ಆದರೆ ಹಾರಕ್ಕೆ ಸೇರಲಿಲ್ಲ. ಮದುಮಗಳು ಹಾರವನ್ನು ಎತ್ತುವ ಹೊತ್ತಿಗೆ ಸರಿಯಾಗಿ ವರನ ಗೆಳೆಯರು ಅವನನ್ನು ಸೊಂಟಕ್ಕೆ ಕೈಹಾಕಿ ಮೇಲಕ್ಕೆ ಎತ್ತಿದ್ದರು. ಆಕೆಯೂ ನಕ್ಕು, ತುದಿಗಾಲಿನಲ್ಲಿ ನಿಂತು, ಹಾರವನ್ನು ಇನ್ನೂ ಮೇಲಕ್ಕೆ ಒಯ್ದಿದ್ದಳು. ನನ್ನ ನಕ್ಷತ್ರಗಳು ಮಾತ್ರ ಒಂದು ಸೆಕೆಂಡಿನ ಹಿಂದೆ ಹಾರ ಎಲ್ಲಿತ್ತೋ ಅಲ್ಲಿಗೇ ಶ್ರದ್ಧೆಯಿಂದ ಬಂದು ಇಳಿದವು. ಆ ಜಾಗದಲ್ಲಿ ಆಗ ಪುರೋಹಿತರ ಬೋಳುತಲೆ ಇತ್ತು.

ಅಂಗಡಿಯಲ್ಲಿ ಎಲ್ಲರೂ ನಕ್ಕರು. ನಾನೂ ನಕ್ಕೆ. ಆದರೆ ಆ ತಪ್ಪು ನನ್ನನ್ನು ಬಿಡಲಿಲ್ಲ. ಅದನ್ನು ಸರಿಮಾಡಲು ಹೊರಟವನು ಮುಂದಿನ ವರ್ಷಗಳಲ್ಲಿ ಒಂದು ಹಳೆಯ ಯುದ್ಧದ ಒಳಕ್ಕೆ ಹೋಗಿಬಿಟ್ಟೆ. ಈ ಲೇಖನ ಆ ದಾರಿಯ ಕಥೆ.

*

ಮೊದಲು ನನ್ನ ತಪ್ಪನ್ನೇ ಬಿಡಿಸಿ ಹೇಳುತ್ತೇನೆ. ಪರದೆಯ ಮೇಲಿನ ಹೊಗೆ, ಕಿಡಿ, ಮಿನುಗು ಇವೆಲ್ಲ ಸಾಮಾನ್ಯವಾಗಿ ಕಣಗಳ ಗುಂಪು. ಒಂದು ಬಿಂದುವಿನಿಂದ ಕಣಗಳು ಹುಟ್ಟುತ್ತವೆ. ಪ್ರತಿಯೊಂದಕ್ಕೂ ಒಂದು ವೇಗ, ಒಂದು ಬಣ್ಣ, ಒಂದು ಆಯಸ್ಸು ಇರುತ್ತದೆ. ಆಯಸ್ಸು ಮುಗಿದ ಮೇಲೆ ಕಣ ಮಾಯ. ನಮ್ಮ ದೇಶದ ವಿಡಿಯೋದಲ್ಲಿ ಸೆಕೆಂಡಿಗೆ 25 ಚಿತ್ರ. ನನ್ನ ನಕ್ಷತ್ರದ ಆಯಸ್ಸು ಒಂದು ಸೆಕೆಂಡು. ಅಂದರೆ ಹುಟ್ಟಿದ ಚಿತ್ರದಲ್ಲಿ ಹಾರ ಇದ್ದ ಕಡೆಗೆ ಅದನ್ನು ಕಳಿಸಿದರೆ, ಅದು ತಲುಪುವ ಹೊತ್ತಿಗೆ 25 ಚಿತ್ರಗಳು ಉರುಳಿರುತ್ತವೆ. ಹಾರ ಅಲ್ಲಿರುವುದಿಲ್ಲ.

ಹಾಗಾದರೆ ಪ್ರತಿ ಚಿತ್ರದಲ್ಲೂ ಕಣದ ದಿಕ್ಕನ್ನು ತಿದ್ದೋಣ, ಹಾರ ಎತ್ತ ಹೋದರೆ ಅತ್ತ ತಿರುಗಿಸೋಣ ಎಂದುಕೊಂಡೆ. ಎರಡನೆಯ ಪ್ರಯತ್ನ ಅದು. ಈಗ ನಕ್ಷತ್ರಗಳು ಹಾರದ ಹಿಂದೆ ಬಾಲದಂತೆ ಎಳೆದುಕೊಂಡು ಹೋದವು, ಬೈಕಿನ ಹಿಂದೆ ಬೀದಿನಾಯಿ ಓಡುವ ಹಾಗೆ. ನಾಯಿ ಯಾವಾಗಲೂ ಬೈಕು ಇರುವ ಕಡೆಗೆ ಮುಖ ಮಾಡಿ ಓಡುತ್ತದೆ, ಬೈಕು ಹೋಗಲಿರುವ ಕಡೆಗಲ್ಲ. ಹಾಗಾಗಿ ಅದರ ದಾರಿ ಬಾಗಿ ಬಾಗಿ ಕೊನೆಗೆ ಬೈಕಿನ ಹಿಂಬದಿಗೇ ಬಂದು ಸೇರುತ್ತದೆ. ಈ ಬಾಗಿದ ದಾರಿಯನ್ನು 1732ರಲ್ಲೇ ಫ್ರಾನ್ಸಿನ ಪಿಯರ್ ಬೂಗೇರ್ ಎಂಬ ಗಣಿತಜ್ಞ ಲೆಕ್ಕ ಹಾಕಿದ್ದ. ಅವನ ಉದಾಹರಣೆಯಲ್ಲಿ ನಾಯಿ, ಬೈಕಿನ ಬದಲು ಕಡಲ್ಗಳ್ಳರ ಹಡಗು ಮತ್ತು ಓಡಿಹೋಗುತ್ತಿರುವ ವ್ಯಾಪಾರಿ ಹಡಗು. ಬೆನ್ನಟ್ಟುವ ವಕ್ರರೇಖೆ ಎಂದೇ ಅದಕ್ಕೆ ಹೆಸರು ನಿಂತಿತು. ನನ್ನ ನಕ್ಷತ್ರಗಳು ಗೊತ್ತಿಲ್ಲದೆ ಬೂಗೇರನ ಗೆರೆಯನ್ನೇ ಎಳೆಯುತ್ತಿದ್ದವು. ಅದೂ ಸಾಲದೆಂಬಂತೆ, ಸೆಳೆತ ಜೋರಾದರೆ ಕಣಗಳು ಹಾರವನ್ನು ದಾಟಿ ಆಚೆ ಹೋಗಿ, ಮತ್ತೆ ಹಿಂತಿರುಗಿ, ದೀಪದ ಸುತ್ತ ಮಳೆಹುಳು ಸುತ್ತುವಂತೆ ಸುತ್ತತೊಡಗಿದವು.

ಮೂರನೆಯ ದಾರಿಯನ್ನು ಹೇಳಿಕೊಟ್ಟವರು ನಮ್ಮ ದೊಡ್ಡಪ್ಪ.

ದೊಡ್ಡಪ್ಪ ಅರಕಲಗೂಡಿನ ಕಡೆಯವರು. ಸೈನ್ಯದಲ್ಲಿದ್ದು, ವಿಮಾನ ಹೊಡೆಯುವ ತೋಪಿನ ತಂಡದಲ್ಲಿ ಕೆಲಸ ಮಾಡಿ, ನಿವೃತ್ತರಾಗಿ ಬಂದು ಶುಂಠಿ ಹಾಕಿಕೊಂಡಿದ್ದರು. ಆ ವಾರ ಯಾವುದೋ ಕೋರ್ಟು ಕೆಲಸಕ್ಕೆ ಹಾಸನಕ್ಕೆ ಬಂದವರು ನನ್ನ ರೂಮಿನಲ್ಲಿ ಉಳಿದಿದ್ದರು. ನಾನು ಬೋಳುತಲೆಯ ಕಥೆ ಹೇಳಿ ನಗಿಸಲು ನೋಡಿದೆ. ಅವರು ನಗಲಿಲ್ಲ.

"ಇರೋ ಕಡೆ ಹೊಡೆದ್ರೆ ಇದ್ದ ಕಡೆ ಹೊಡೆದಂಗೆ ಕಣ್ಲಾ" ಅಂದರು. "ಹೋಗೋ ಕಡೆ ಹೊಡೀಬೇಕು."

ಲಗೋರಿ ಆಡಿದವರಿಗೆಲ್ಲ ಇದು ಗೊತ್ತಿರುವ ಮಾತೇ. ಓಡುವ ಹುಡುಗನ ಬೆನ್ನಿಗೆ ಚೆಂಡು ಬೀಳಬೇಕಾದರೆ ಎರಡು ಹೆಜ್ಜೆ ಮುಂದಕ್ಕೆ ಬೀಸಬೇಕು. ಅದು ಕೈಗೆ ಗೊತ್ತು, ಬಾಯಿಗೆ ಹೇಳಲು ಬರುವುದಿಲ್ಲ. ದೊಡ್ಡಪ್ಪನಿಗೆ ಬಾಯಲ್ಲೂ ಬರುತ್ತಿತ್ತು. ತೋಪಿನ ಮೇಲೆ ಬಳೆಯೊಳಗೊಂದು ಬಳೆ ಇಟ್ಟಂಥ, ಜೇಡರ ಬಲೆಯಂಥ ಒಂದು ಕಣ್ಗುರಿ ಇರುತ್ತದಂತೆ. ವಿಮಾನವನ್ನು ನಡುವಿನ ಬಿಂದುವಿಗೆ ತರಬಾರದು. ಅದರ ಮೂಗು ನಡುವಿನ ಕಡೆಗೆ ಮುಖ ಮಾಡಿರುವಂತೆ ಹೊರಗಿನ ಬಳೆಯ ಮೇಲೆ ಇಟ್ಟುಕೊಂಡು ಗುಂಡು ಬಿಡಬೇಕು. ಆಗ ಗುಂಡೂ ವಿಮಾನವೂ ನಡುವಿನ ಖಾಲಿ ಜಾಗಕ್ಕೆ ಒಟ್ಟಿಗೆ ಹೋಗುತ್ತವೆ. "ಗುರಿ ಇಡೋದು ವಿಮಾನಕ್ಕಲ್ಲ, ಖಾಲಿ ಆಕಾಶಕ್ಕೆ" ಎಂದು ಅವರು ಹೇಳಿದಾಗ ನನಗೆ ಮೈ ಜುಮ್ಮೆಂದಿತು.

*

ಕೆಲಸ ಹುಡುಕಿಕೊಂಡು ಬೆಂಗಳೂರಿಗೆ ಬಂದ ಮೇಲೆ, ಮೋಷನ್ ಗ್ರಾಫಿಕ್ಸ್ ಎಂಬ ದೊಡ್ಡ ಹೆಸರಿನ ಅದೇ ಕೆಲಸವನ್ನು ಮಾಡುತ್ತ, ಬಿಡುವಿನಲ್ಲಿ ಈ ಖಾಲಿ ಆಕಾಶದ ಲೆಕ್ಕದ ಇತಿಹಾಸವನ್ನು ಓದತೊಡಗಿದೆ.

ಲೆಕ್ಕ ಕೇಳಲು ಸುಲಭ. ವಿಮಾನ ಗಂಟೆಗೆ 360 ಕಿಲೋಮೀಟರ್ ವೇಗದಲ್ಲಿದೆ ಎನ್ನಿ. ಅಂದರೆ ಸೆಕೆಂಡಿಗೆ 100 ಮೀಟರ್. ಗುಂಡು ಅಲ್ಲಿಗೆ ತಲುಪಲು 2 ಸೆಕೆಂಡು ಬೇಕಾದರೆ 200 ಮೀಟರ್ ಮುಂದಕ್ಕೆ ಗುರಿ ಇಡಬೇಕು. ಆದರೆ 200 ಮೀಟರ್ ಮುಂದಿನ ಆ ಜಾಗ ತೋಪಿಗೆ ಇನ್ನೂ ದೂರವಿದ್ದರೆ ಗುಂಡಿಗೆ 2 ಸೆಕೆಂಡು ಸಾಲದು. ಸಮಯ ಹೆಚ್ಚಾದರೆ ಜಾಗ ಮತ್ತೆ ಮುಂದಕ್ಕೆ ಹೋಗುತ್ತದೆ. ಜಾಗ ಗೊತ್ತಾಗಲು ಸಮಯ ಬೇಕು, ಸಮಯ ಗೊತ್ತಾಗಲು ಜಾಗ ಬೇಕು. ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು ಎಂಬ ಗಾದೆಯ ಹಾಗೆ. ಊಹೆ ಮಾಡಿ, ಉತ್ತರವನ್ನು ಮತ್ತೆ ಲೆಕ್ಕದೊಳಗೆ ತುಂಬಿ, ಅದು ಅಲುಗಾಡದೆ ನಿಲ್ಲುವವರೆಗೆ ತಿದ್ದುತ್ತ ಹೋಗಬೇಕು. ತಲೆಯ ಮೇಲೆ ಬಾಂಬು ಹೊತ್ತ ವಿಮಾನ ಇರುವಾಗ ಕಾಗದದ ಮೇಲೆ ಇದನ್ನು ಮಾಡಲಾಗದು.

ಆದ್ದರಿಂದ ಯಂತ್ರ ಬಂತು. 1930ರ ದಶಕದ ಕೊನೆಯಲ್ಲಿ ಬ್ರಿಟಿಷ್ ನೌಕಾಪಡೆಯ ಸಂಶೋಧನಾಲಯದಲ್ಲಿದ್ದ ಕೆರಿಸನ್ ಎಂಬ ಅಧಿಕಾರಿ ರೂಪಿಸಿದ ‘ಪ್ರಿಡಿಕ್ಟರ್’ ಅದರಲ್ಲೊಂದು. ಹೆಸರೇ ಹೇಳುವಂತೆ ಅದು ಭವಿಷ್ಯ ಹೇಳುವ ಪೆಟ್ಟಿಗೆ. ಒಬ್ಬ ಸೈನಿಕ ದುರ್ಬೀನಿನಲ್ಲಿ ನೋಡುತ್ತ ಚಕ್ರ ತಿರುಗಿಸಿ ವಿಮಾನವನ್ನು ಎಡಬಲಕ್ಕೆ ಹಿಂಬಾಲಿಸುತ್ತಾನೆ. ಇನ್ನೊಬ್ಬ ಮೇಲೆ ಕೆಳಗೆ ಹಿಂಬಾಲಿಸುತ್ತಾನೆ. ದೂರವನ್ನು ಬೇರೆಯಾಗಿ ತುಂಬುತ್ತಾರೆ. ಒಳಗೆ ಹಲ್ಲುಚಕ್ರಗಳು ತಿರುಗುವ ವೇಗವನ್ನು ಗುಂಡಿನ ಪಯಣದ ಸಮಯದಿಂದ ಗುಣಿಸಿ, ಎಷ್ಟು ಮುಂದಕ್ಕೆ ಗುರಿ ಇಡಬೇಕೆಂದು ತಿಳಿಸುತ್ತವೆ. ಆ ಉತ್ತರ ತಂತಿಯ ಮೂಲಕ ಹೋಗಿ 40 ಮಿಲಿಮೀಟರಿನ ಬೋಫೋರ್ಸ್ ತೋಪನ್ನು ತಾನೇ ತಿರುಗಿಸುತ್ತದೆ. ತೋಪಿನವರು ಗುಂಡು ತುಂಬುತ್ತಿದ್ದರೆ ಸಾಕು. ಅಮೆರಿಕದ ಸೈನ್ಯ ಇದನ್ನು ಎಂ-5 ಎಂಬ ಹೆಸರಿನಲ್ಲಿ ತೆಗೆದುಕೊಂಡಿತು. ಅದನ್ನು ತಯಾರಿಸಿದವರಲ್ಲಿ ಸಿಂಗರ್ ಕಂಪನಿಯೂ ಇತ್ತು ಎಂದು ಓದಿದಾಗ ಅಜ್ಜಿಯ ಮನೆಯ ನಡುಮನೆಯಲ್ಲಿದ್ದ ಕರಿ ಹೊಲಿಗೆ ಯಂತ್ರ ಕಣ್ಣಮುಂದೆ ಬಂತು.

ಇಂಥದೇ ಇನ್ನೊಂದು ಯಂತ್ರ ಹುಟ್ಟಿದ ರೀತಿ ಇನ್ನೂ ಚೆನ್ನಾಗಿದೆ. ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಡೇವಿಡ್ ಪಾರ್ಕಿನ್‌ಸನ್ ಎಂಬ ತರುಣ ಇಂಜಿನಿಯರ್ ಇದ್ದ. ಅವನ ಕೆಲಸಕ್ಕೂ ಯುದ್ಧಕ್ಕೂ ಸಂಬಂಧವಿರಲಿಲ್ಲ. ವಿದ್ಯುತ್ತಿನ ಏರಿಳಿತವನ್ನು ಕಾಗದದ ಪಟ್ಟಿಯ ಮೇಲೆ ಪೆನ್ನಿನಿಂದ ಗೆರೆಯಾಗಿ ಎಳೆಯುವ ಒಂದು ಉಪಕರಣವನ್ನು ಅವನು ಸುಧಾರಿಸುತ್ತಿದ್ದ. 1940ರಲ್ಲಿ, ಯೂರೋಪಿನ ದೇಶಗಳು ಒಂದೊಂದಾಗಿ ಬೀಳುತ್ತಿದ್ದ ಸುದ್ದಿ ಬರುತ್ತಿದ್ದ ದಿನಗಳಲ್ಲಿ, ಅವನಿಗೊಂದು ಕನಸು ಬಿತ್ತು. ಕನಸಿನಲ್ಲಿ ಅವನು ವಿಮಾನ ಹೊಡೆಯುವ ತೋಪಿನ ತಂಡದ ನಡುವೆ ನಿಂತಿದ್ದಾನೆ. ಆ ತೋಪಿಗೆ ತನ್ನ ಪೆನ್ನನ್ನು ನಡೆಸುವ ಪುಟ್ಟ ಬಿಡಿಭಾಗವೇ ಜೋಡಿಸಿದೆ. ಎದ್ದವನಿಗೆ ಹೊಳೆಯಿತು: ಪೆನ್ನನ್ನು ತಿರುಗಿಸುವ ವಿದ್ಯುತ್ತು ತೋಪನ್ನೂ ತಿರುಗಿಸಬಲ್ಲದು. ಅದರಿಂದ ಎಂ-9 ಎಂಬ ವಿದ್ಯುತ್ ಚಾಲಿತ ಗುರಿಯಂತ್ರ ಬಂತು. ಗೆರೆ ಎಳೆಯುವ ಪೆನ್ನು ತೋಪಾದದ್ದು ಹೀಗೆ. ಇದನ್ನು ನೆನಪಿಟ್ಟುಕೊಂಡಿರಿ. ತೋಪು ಮತ್ತೆ ಪೆನ್ನಾಗುವ ಕಥೆ ಮುಂದಿದೆ.

*

ಈ ಯಂತ್ರಗಳೆಲ್ಲ ಒಂದು ನಂಬಿಕೆಯ ಮೇಲೆ ನಿಂತಿದ್ದವು: ವಿಮಾನ ಈಗ ಹೇಗೆ ಹೋಗುತ್ತಿದೆಯೋ ಮುಂದಿನ ಕೆಲವು ಸೆಕೆಂಡು ಹಾಗೇ ಹೋಗುತ್ತದೆ. ಆದರೆ ವಿಮಾನದೊಳಗೆ ಒಬ್ಬ ಮನುಷ್ಯ ಕೂತಿದ್ದಾನೆ. ಕೆಳಗಿಂದ ಗುಂಡು ಬರುವುದು ಕಂಡರೆ ಅವನು ನೇರ ಹೋಗುತ್ತಾನೆಯೇ? ದ್ರೌಪದಿಯ ಸ್ವಯಂವರದಲ್ಲಿ ಅರ್ಜುನ ಹೊಡೆದದ್ದು ತಿರುಗುವ ಮೀನಿಗೆ, ಅದೂ ಕೆಳಗಿನ ನೆರಳನ್ನು ನೋಡಿಕೊಂಡು. ಅದು ಕಷ್ಟದ ಕೆಲಸವೇ. ಆದರೂ ಆ ಮೀನಿಗೆ ಸ್ವಂತ ಬುದ್ಧಿ ಇರಲಿಲ್ಲ. ಯಂತ್ರ ತಿರುಗಿಸಿದಂತೆ ತಿರುಗುತ್ತಿತ್ತು.

ಬುದ್ಧಿ ಇರುವ ಗುರಿಯ ಪ್ರಶ್ನೆಯನ್ನು ಕೈಗೆತ್ತಿಕೊಂಡವನು ಎಂ.ಐ.ಟಿ.ಯ ಗಣಿತಜ್ಞ ನಾರ್ಬರ್ಟ್ ವೀನರ್. 1940ರ ಕೊನೆಯಿಂದ ಎರಡು ವರ್ಷ ಅವನೂ ಇಂಜಿನಿಯರ್ ಜೂಲಿಯನ್ ಬಿಗೆಲೋ ಕೂಡಿ ಇದರಲ್ಲಿ ತೊಡಗಿದರು. ಹೆದರಿದ ಪೈಲಟ್ ಅಡ್ಡಾದಿಡ್ಡಿ ತಿರುಗುತ್ತಾನೆ ನಿಜ. ಆದರೆ ಅವನ ಅಡ್ಡಾದಿಡ್ಡಿಯಲ್ಲೂ ಒಂದು ಅಭ್ಯಾಸ ಇರುತ್ತದಲ್ಲವೇ? ಅದನ್ನು ಸಂಖ್ಯಾಶಾಸ್ತ್ರದಿಂದ ಹಿಡಿಯಬಹುದೇ ಎಂಬುದು ವೀನರನ ಯೋಚನೆ. ಪ್ರಯೋಗಾಲಯದಲ್ಲಿ ಅವರು ಕಟ್ಟಿದ ಆಟವನ್ನು ಓದಿ ನಾನು ಬೆರಗಾದೆ. ಅಲ್ಲಿ ವಿಮಾನವೂ ಇಲ್ಲ, ತೋಪೂ ಇಲ್ಲ. ಗೋಡೆಯ ಮೇಲೆ ಒಂದು ಬೆಳಕಿನ ಚುಕ್ಕೆ ಓಡಾಡುತ್ತದೆ. ಕೂತವನು ಇನ್ನೊಂದು ಬೆಳಕಿನ ಚುಕ್ಕೆಯಿಂದ ಅದನ್ನು ಬೆನ್ನಟ್ಟಬೇಕು. ಅವನ ಕೈಯಲ್ಲಿರುವ ಹಿಡಿಕೆ ಬೇಕೆಂದೇ ಜಡವಾಗಿದೆ. ಅರವತ್ತು ವರ್ಷಗಳ ನಂತರ ಹಾಸನದ ಅಂಗಡಿಯಲ್ಲಿ ನಾನು ಹೆಣಗಿದ್ದೂ ಬೆಳಕಿನ ಚುಕ್ಕೆ ಬೆಳಕಿನ ಗುರಿಯನ್ನು ಹಿಡಿಯುವ ಆಟವೇ.

ವೀನರ್ 1942ರಲ್ಲಿ ಬರೆದ ವರದಿಗೆ ಹಳದಿ ರಟ್ಟು ಇತ್ತು. ಗಣಿತ ಎಷ್ಟು ಕಠಿಣವಾಗಿತ್ತೆಂದರೆ ಇಂಜಿನಿಯರುಗಳು ಅದನ್ನು ‘ಹಳದಿ ಗಂಡಾಂತರ’ ಎಂದು ಕರೆಯುತ್ತಿದ್ದರು. ಅವನ ಯಂತ್ರ ಯುದ್ಧಕ್ಕೆ ಹೋಗಲೇ ಇಲ್ಲ. ಒಬ್ಬನ ಹಿಂದಿನ ನಡೆಯಿಂದ ಅವನ ಮುಂದಿನ ನಡೆಯನ್ನು ಸುಮಾರಾಗಿ ಹೇಳಬಹುದಿತ್ತು. ಆದರೆ ಒಬ್ಬನ ನಡೆಯಿಂದ ಇನ್ನೊಬ್ಬನದನ್ನು ಅಷ್ಟು ಚೆನ್ನಾಗಿ ಹೇಳಲಾಗುತ್ತಿರಲಿಲ್ಲ. ಆಕಾಶದಲ್ಲಿ ಒಬ್ಬ ಪೈಲಟ್ಟನ್ನು ಪರಿಚಯ ಮಾಡಿಕೊಳ್ಳುವಷ್ಟು ಹೊತ್ತು ಯಾರಿಗಿದೆ?

ಇತಿಹಾಸದ ವ್ಯಂಗ್ಯ ಇಲ್ಲಿದೆ. ಗುರಿಯಂತ್ರಗಳು ತಮ್ಮ ಪೂರ್ತಿ ಸಾಮರ್ಥ್ಯ ತೋರಿಸಿದ್ದು 1944ರಲ್ಲಿ, ಜರ್ಮನಿ ಲಂಡನ್ನಿನ ಮೇಲೆ ವಿ-1 ಹಾರುಬಾಂಬುಗಳನ್ನು ಬಿಡತೊಡಗಿದಾಗ. ಎಂ-9 ಯಂತ್ರ, ಹೊಸ ರಾಡಾರ್, ಗುರಿಯ ಹತ್ತಿರ ಬಂದಾಗ ತಾನೇ ಸಿಡಿಯುವ ಗುಂಡು ಈ ಮೂರೂ ಸೇರಿ ಆ ಬಾಂಬುಗಳನ್ನು ದೊಡ್ಡ ಸಂಖ್ಯೆಯಲ್ಲಿ ಉರುಳಿಸಿದವು. ವಿ-1ರಲ್ಲಿ ಪೈಲಟ್ ಇರಲಿಲ್ಲ. ಅದು ಒಂದೇ ಎತ್ತರದಲ್ಲಿ, ಹೆಚ್ಚುಕಡಿಮೆ ಒಂದೇ ವೇಗದಲ್ಲಿ, ನೇರ ಗೆರೆಯಲ್ಲಿ ಬರುತ್ತಿತ್ತು. ಭವಿಷ್ಯ ಹೇಳುವ ಯಂತ್ರ ಗೆದ್ದದ್ದು ಮನಸ್ಸೇ ಇಲ್ಲದ ಗುರಿಯ ಮೇಲೆ.

ಯುದ್ಧ ಮುಗಿದ ಮೇಲೆ ಕ್ಷಿಪಣಿಗಳ ಕೆಲಸದಲ್ಲಿದ್ದ ಒಬ್ಬರು ವೀನರನ ಬಳಿ ಆ ಹಳೆಯ ವರದಿಯ ಪ್ರತಿ ಕೇಳಿದರು. ಅವನು ಕೊಡಲು ಒಪ್ಪಲಿಲ್ಲ. ಒಪ್ಪದಿರುವುದಕ್ಕೆ ಕಾರಣ ಹೇಳಿ ಬರೆದ ಅವನ ಪತ್ರ 1947ರ ಜನವರಿಯಲ್ಲಿ ‘ಅಟ್ಲಾಂಟಿಕ್’ ಮಾಸಪತ್ರಿಕೆಯಲ್ಲಿ ಅಚ್ಚಾಯಿತು. ಜನರ ತಲೆಯ ಮೇಲೆ ಬೀಳುವ ಆಯುಧಕ್ಕೆ ತನ್ನ ಗಣಿತ ನೆರವಾಗಬಾರದು ಎಂಬುದು ಅದರ ಸಾರ. ಮರುವರ್ಷ ಬಂದ ಅವನ ‘ಸೈಬರ್ನೆಟಿಕ್ಸ್’ ಪುಸ್ತಕ ಅದೇ ತೋಪಿನ ಲೆಕ್ಕದಿಂದ ಬೆಳೆದದ್ದು. ಇಂದು ನಾವು ಹಗುರವಾಗಿ ಬಳಸುವ ‘ಸೈಬರ್’ ಎಂಬ ಉಪಸರ್ಗದ ಬೇರು ಅಲ್ಲಿದೆ.

*

ಈಗ ತೋಪು ಪೆನ್ನಾದ ಕಥೆ. ಕ್ಯಾಲಿಫೋರ್ನಿಯಾದಲ್ಲಿ ಜಾನ್ ವಿಟ್ನಿ, ಜೇಮ್ಸ್ ವಿಟ್ನಿ ಎಂಬ ಅಣ್ಣತಮ್ಮಂದಿರಿದ್ದರು. ಕಥೆಯಿಲ್ಲದ, ಬರೀ ಆಕಾರ ಮತ್ತು ಬೆಳಕು ಸಂಗೀತದ ಹಾಗೆ ಚಲಿಸುವ ಚಿತ್ರಗಳನ್ನು ಮಾಡಬೇಕೆಂಬುದು ಇಬ್ಬರ ಹುಚ್ಚು. ಯುದ್ಧಕಾಲದಲ್ಲಿ ಜಾನ್ ಲಾಕ್‌ಹೀಡ್ ವಿಮಾನ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ. ಗುರಿಯಂತ್ರಗಳು ಹಾಕುವ ಲೆಕ್ಕ ಕೊನೆಗೂ ಒಂದು ಚಲನೆಯ ರೇಖೆ, ಅದರಿಂದ ಚಿತ್ರವನ್ನೂ ಬರೆಯಬಹುದು ಎಂದು ಅವನಿಗೆ ಹೊಳೆಯಿತು. ಯುದ್ಧ ಮುಗಿದ ಮೇಲೆ ಸೈನ್ಯ ಆ ಯಂತ್ರಗಳನ್ನು ಹಳೆ ಸಾಮಾನಾಗಿ ಮಾರತೊಡಗಿತು. 1950ರ ದಶಕದ ಕೊನೆಯ ವರ್ಷಗಳಲ್ಲಿ ಜಾನ್ ಒಂದು ಎಂ-5 ತಂದು ಬಿಚ್ಚಿದ. ಎಂ-5 ಎಂದರೆ ಅದೇ ಕೆರಿಸನ್ ಪೆಟ್ಟಿಗೆ. ಮುಂದೆ ಎಂ-7 ಎಂಬ ಇನ್ನೊಂದರ ಭಾಗಗಳನ್ನೂ ಸೇರಿಸಿ, ಸುಮಾರು 12 ಅಡಿ ಎತ್ತರದ ಒಂದು ಯಂತ್ರ ಕಟ್ಟಿದ. ತೋಪನ್ನು ತಿರುಗಿಸುತ್ತಿದ್ದ ಹಲ್ಲುಚಕ್ರಗಳು ಈಗ ಚಿತ್ರದ ಹಾಳೆಯನ್ನು, ಬೆಳಕನ್ನು, ಕ್ಯಾಮೆರಾವನ್ನು ತಿರುಗಿಸಿದವು.

ಅದರಿಂದ ಬಂದ ಚಿತ್ರಗಳ ಮಾದರಿಗಳನ್ನು ಜೋಡಿಸಿ 1961ರಲ್ಲಿ ‘ಕ್ಯಾಟಲಾಗ್’ ಎಂಬ ಕಿರುಚಿತ್ರ ಮಾಡಿದ. ಹೂವಿನಂತೆ ಅರಳುವ ಅಕ್ಷರಗಳು, ಒಂದರೊಳಗೊಂದು ಸುತ್ತುವ ಬಣ್ಣದ ಗೆರೆಗಳು. ಅದಕ್ಕೆ ಮೊದಲು 1958ರಲ್ಲಿ ಹಿಚ್‌ಕಾಕನ ‘ವರ್ಟಿಗೋ’ ಚಿತ್ರದ ಶೀರ್ಷಿಕೆಗಾಗಿ ಸಾಲ್ ಬಾಸ್ ಜೊತೆ ಸೇರಿ ತಿರುಗುವ ಸುರುಳಿಗಳನ್ನು ಮಾಡಿಕೊಟ್ಟಿದ್ದ. 1960ರಲ್ಲಿ ತನ್ನದೊಂದು ಕಂಪನಿ ತೆರೆದ. ಅದರ ಹೆಸರು ‘ಮೋಷನ್ ಗ್ರಾಫಿಕ್ಸ್ ಇನ್‌ಕಾರ್ಪೊರೇಟೆಡ್’. ನನ್ನ ವಿಸಿಟಿಂಗ್ ಕಾರ್ಡಿನ ಮೇಲಿದ್ದ ಆ ಎರಡು ಶಬ್ದಗಳನ್ನು ಹೆಸರಾಗಿ ಹೊತ್ತ ಮೊದಲಿಗರಲ್ಲಿ ಒಬ್ಬನು ತೋಪಿನ ಯಂತ್ರದಿಂದ ಚಿತ್ರ ಬಿಡಿಸುತ್ತಿದ್ದ ಎಂದು ತಿಳಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ತಮ್ಮ ಜೇಮ್ಸ್ ಇನ್ನೊಂದು ಹೆಜ್ಜೆ ಮುಂದೆ ಹೋದ. ಯೋಗ, ಧ್ಯಾನಗಳಲ್ಲಿ ಮನಸ್ಸಿಟ್ಟಿದ್ದ ಅವನು ಈ ಯಂತ್ರದ ಸಹಾಯದಿಂದ 1966ರಲ್ಲಿ ‘ಲ್ಯಾಪಿಸ್’ ಎಂಬ ಚಿತ್ರ ಮುಗಿಸಿದ. ಹತ್ತೇ ನಿಮಿಷದ್ದು. ಹಿನ್ನೆಲೆಯಲ್ಲಿ ಸಿತಾರ್. ಪರದೆಯ ತುಂಬ ನೂರಾರು ಚುಕ್ಕೆಗಳು. ಅವು ನಡುವಿನ ಕಡೆಗೆ ಸಾಗುತ್ತವೆ, ಮಂಡಲವಾಗಿ ನಿಲ್ಲುತ್ತವೆ, ಚೆದುರುತ್ತವೆ, ಮತ್ತೆ ಕೂಡುತ್ತವೆ. ಹಬ್ಬದ ದಿನ ಅಂಗಳದಲ್ಲಿ ಅಮ್ಮ ಇಟ್ಟ ರಂಗೋಲಿಯ ಚುಕ್ಕೆಗಳೆಲ್ಲ ಎದ್ದು ನಡೆದಾಡಿದಂತೆ ನನಗೆ ಕಂಡಿತು. ಕೊಲ್ಲಲು ಮಾಡಿದ ಯಂತ್ರ ಈ ಚುಕ್ಕೆಗಳನ್ನು ಯಾರ ಮೇಲೂ ಗುರಿಯಿಡದೆ ಸುಮ್ಮನೆ ನಡೆಸುತ್ತಿತ್ತು.

*

ಇಂದಿನ ಅರ್ಥದ ಕಣಗಳು ಬಂದದ್ದು 1982ರಲ್ಲಿ. ‘ಸ್ಟಾರ್ ಟ್ರೆಕ್’ ಸರಣಿಯ ಎರಡನೆಯ ಚಲನಚಿತ್ರದಲ್ಲಿ ಒಂದು ಸತ್ತ ಗ್ರಹದ ಮೇಲೆ ಬೆಂಕಿಯ ಗೋಡೆ ಹಬ್ಬಿ, ಅದರ ಹಿಂದೆ ಹಸಿರು ಹುಟ್ಟುವ ದೃಶ್ಯವಿದೆ. ಲ್ಯೂಕಸ್‌ಫಿಲ್ಮ್‌ನ ಕಂಪ್ಯೂಟರ್ ವಿಭಾಗದಲ್ಲಿದ್ದ ವಿಲಿಯಂ ರೀವ್ಸ್ ಅದಕ್ಕಾಗಿ ಬೆಂಕಿಯನ್ನು ಸಾವಿರಾರು ಕಣಗಳಾಗಿ ಕಟ್ಟಿದ. ಮರುವರ್ಷ ಪ್ರಕಟವಾದ ಅವನ ಪ್ರಬಂಧ ಬೆಂಕಿ, ಮೋಡ, ನೀರಿನಂಥ ಅಂಚಿಲ್ಲದ ವಸ್ತುಗಳನ್ನು ಹೀಗೆ ಹುಟ್ಟಿ, ಬೆಳೆದು, ಸಾಯುವ ಕಣಗಳಾಗಿ ನೋಡಬೇಕೆಂದು ಹೇಳಿತು. ನನ್ನ ನಕ್ಷತ್ರಕ್ಕೆ ಆಯಸ್ಸು ಬಂದದ್ದು ಅಲ್ಲಿಂದ. ಆದರೆ ರೀವ್ಸನ ಕಣಕ್ಕೆ ಗುರಿ ಇರಲಿಲ್ಲ. ಹುಟ್ಟುವಾಗ ಸಿಕ್ಕ ವೇಗ, ಆಮೇಲೆ ಗುರುತ್ವ, ಅಷ್ಟೆ. ಎಸೆದ ಕಲ್ಲಿನಂತೆ ಮೇಲೆ ಹೋಗಿ ಬೀಳುತ್ತಿತ್ತು.

ಕಣಕ್ಕೆ ಕಣ್ಣು ಕೊಟ್ಟವನು ಕ್ರೇಗ್ ರೆನಾಲ್ಡ್ಸ್. 1987ರಲ್ಲಿ ಅವನು ಹಕ್ಕಿಗಳ ಹಿಂಡನ್ನು ಅನುಕರಿಸುವ ಪ್ರೋಗ್ರಾಂ ಬರೆದ. ಪಕ್ಕದವನಿಗೆ ಡಿಕ್ಕಿ ಹೊಡೆಯಬೇಡ, ಪಕ್ಕದವರ ದಿಕ್ಕಿಗೆ ಹೊಂದಿಕೋ, ಗುಂಪಿನ ನಡುವಿಗೆ ಹತ್ತಿರವಿರು ಎಂಬ ಮೂರೇ ನಿಯಮ. 1999ರಲ್ಲಿ ಇನ್ನೊಂದು ಪ್ರಬಂಧದಲ್ಲಿ ಅವನು ಹುಡುಕುವುದು, ತಪ್ಪಿಸಿಕೊಳ್ಳುವುದು, ಮೆಲ್ಲಗೆ ಬಂದು ನಿಲ್ಲುವುದು ಇಂಥ ನಡೆಗಳನ್ನು ವಿಂಗಡಿಸಿದ. ‘ಹುಡುಕುವುದು’ ಎಂದರೆ ಗುರಿ ಈಗ ಇರುವ ಕಡೆಗೆ ಹೋಗುವುದು, ನಮ್ಮ ಬೀದಿನಾಯಿಯಂತೆ. ‘ಬೆನ್ನಟ್ಟುವುದು’ ಬೇರೆ. ಅಲ್ಲಿ ಗುರಿ ಮುಂದೆ ಎಲ್ಲಿರುತ್ತದೆಂದು ಊಹಿಸಿ ಅತ್ತ ಹೋಗಬೇಕು. ಊಹಿಸುವುದು ಹೇಗೆ? ಗುರಿ ಸದ್ಯಕ್ಕೆ ತಿರುಗುವುದಿಲ್ಲ ಎಂದುಕೊಳ್ಳುವುದು. ಆ ಊಹೆ ತಪ್ಪಾಗಬಹುದು. ಆದರೆ ಪ್ರತಿ ಚಿತ್ರದಲ್ಲೂ ಹೊಸದಾಗಿ ಊಹಿಸುವುದರಿಂದ ಪರವಾಗಿಲ್ಲ. ಓದುತ್ತ ಓದುತ್ತ ನನಗೆ ದೊಡ್ಡಪ್ಪನ ಬಳೆಯ ಕಣ್ಗುರಿ ಕಂಡಿತು. ಲೆಕ್ಕ ಅದೇ, ನಂಬಿಕೆಯೂ ಅದೇ.

1993ರಲ್ಲಿ ಅಮೆರಿಕದ ಪ್ರಾವಿಡೆನ್ಸ್ ನಗರದ ಒಂದು ಸಣ್ಣ ಕಂಪನಿ ಆಫ್ಟರ್ ಎಫೆಕ್ಟ್ಸ್ ಎಂಬ ತಂತ್ರಾಂಶ ತಂದಿತು. ಮರುವರ್ಷ ಅದು ಅಡೋಬಿಯ ಪಾಲಾಯಿತು. 2004ರಲ್ಲಿ ಆಪಲ್ ತಂದ ಮೋಷನ್ ತಂತ್ರಾಂಶದಲ್ಲಿ ಸೆಳೆತ, ಸುತ್ತಾಟ, ಸುಳಿ ಇವೆಲ್ಲ ಸಿದ್ಧ ಗುಣಗಳಾಗಿ ಪಟ್ಟಿಯಲ್ಲೇ ಸಿಗುತ್ತಿದ್ದವು. ಎಳೆದು ಕಣಕ್ಕೆ ಅಂಟಿಸಿದರೆ ಆಯಿತು. ಒಂದು ಕಾಲಕ್ಕೆ ಹಲ್ಲುಚಕ್ರಗಳ ದೊಡ್ಡ ಪೆಟ್ಟಿಗೆಯಾಗಿದ್ದದ್ದು ಹಾಸನದಂಥ ಊರಿನ ಮಿಕ್ಸಿಂಗ್ ಅಂಗಡಿಯ ಕಂಪ್ಯೂಟರಿನಲ್ಲಿ ಒಂದು ಮೆನುವಾಗಿ ಬಂದು ಕೂತಿತು.

*

ನನ್ನ ಹಾರದ ಸಮಸ್ಯೆ ಹೇಗೆ ಬಗೆಹರಿಯಿತೆಂದು ಹೇಳಿಲ್ಲ. ದೊಡ್ಡಪ್ಪ ಹೇಳಿದ ಮಾತನ್ನು ಹಿಡಿದು ಮಾರನೆಯ ದಿನ ಕೂತೆ. ಹಾರ ಈಗ ಹೋಗುತ್ತಿರುವ ವೇಗ ನೋಡಿ, ಒಂದು ಸೆಕೆಂಡು ಮುಂದಕ್ಕೆ ಗುರಿ ಇಟ್ಟೆ. ಹಾರ ನೇರ ಏರುತ್ತಿದ್ದಾಗ ನಕ್ಷತ್ರಗಳು ಸರಿಯಾಗಿ ತಲುಪಿದವು. ಗೆಳೆಯರು ವರನನ್ನು ಎತ್ತಿ, ಆಕೆ ನಕ್ಕು, ಹಾರ ಅತ್ತಿತ್ತ ಹೊಯ್ದಾಡಿದ ಕೂಡಲೇ ಮತ್ತೆ ತಪ್ಪಿದವು. ಆ ಜಾಗದಲ್ಲಿ ಮದುಮಗಳು ಮನಸ್ಸು ಬದಲಾಯಿಸಿದ್ದಳು.

ಬಹಳ ಹೊತ್ತಿನ ಮೇಲೆ ನನ್ನ ದಡ್ಡತನ ನನಗೇ ಹೊಳೆಯಿತು. ನಾನೇಕೆ ಊಹಿಸುತ್ತಿದ್ದೇನೆ? ಮದುವೆ ಆಗಿ ಹದಿನೈದು ದಿನ ಆಗಿದೆ. ಕ್ಯಾಸೆಟ್ಟು ನನ್ನ ಕೈಯಲ್ಲಿದೆ. ಮುಂದಿನ ಸೆಕೆಂಡಿನಲ್ಲಿ ಹಾರ ಎಲ್ಲಿಗೆ ಹೋಗುತ್ತದೆಂದು ನಾನು ಸುಮ್ಮನೆ ನೋಡಬಹುದು! ಹಾರದ ಜಾಗವನ್ನು ಒಂದೊಂದು ಚಿತ್ರದಲ್ಲೂ ಕೈಯಿಂದ ಗುರುತು ಹಾಕಿದೆ. ಅರವತ್ತು ನಕ್ಷತ್ರಗಳಿಗೆ ಅರವತ್ತು ಬೇರೆ ಬೇರೆ ಲೇಯರ್ ಮಾಡಿ, ಪ್ರತಿಯೊಂದಕ್ಕೂ ಒಂದು ಸಣ್ಣ ಸೂತ್ರ ಬರೆದೆ: ನೀನು ಹುಟ್ಟಿದ 25 ಚಿತ್ರಗಳ ನಂತರ ಹಾರ ಎಲ್ಲಿರುತ್ತದೆಂದು ಈಗಲೇ ನೋಡಿಕೋ, ನೇರ ಅಲ್ಲಿಗೆ ಹೋಗು. ಆಫ್ಟರ್ ಎಫೆಕ್ಟ್ಸ್‌ನಲ್ಲಿ ಬೇರೊಂದು ಕ್ಷಣದ ಬೆಲೆಯನ್ನು ಕೇಳಿ ಪಡೆಯುವ ಸೌಲಭ್ಯ ಇದೆ. ಕೆರಿಸನ್ನನಿಗಾಗಲಿ ವೀನರನಿಗಾಗಲಿ ಸಿಗದ ಸೌಲಭ್ಯ ಅದು. ಕರೆಂಟು ಎರಡು ಸಲ ಹೋಗಿ ಬಂದು, ಬೆಳಗಿನ ಜಾವದ ಹೊತ್ತಿಗೆ ರೆಂಡರ್ ಮುಗಿಯಿತು. ನಕ್ಷತ್ರಗಳು ಮಂಟಪದಿಂದ ಖಾಲಿ ಜಾಗದ ಕಡೆಗೆ ಹೊರಟವು. ಹಾರ ನಗುನಗುತ್ತ ಅತ್ತಿತ್ತ ಹೊಯ್ದಾಡಿ, ಕೊನೆಗೆ ಅವು ಕಾದಿದ್ದ ಜಾಗಕ್ಕೇ ಬಂದು ಸೇರಿತು.

ಅದೇ ತಿಂಗಳು ದೊಡ್ಡಪ್ಪನಿಗೆ ಆ ತುಣುಕು ತೋರಿಸಿದೆ. ಎರಡು ಸಲ ಹಾಕಿಸಿ ನೋಡಿದರು.

"ಹುಡುಗಿ ಅತ್ಲಾಗೆ ತಿರುಗ್ತಾಳೆ ಅಂತ ಈ ಚುಕ್ಕೆಗೆ ಹೆಂಗೆ ಗೊತ್ತಾಯ್ತು?"

"ಅದು ಆಗಿಹೋದದ್ದಲ್ವಾ ದೊಡ್ಡಪ್ಪ, ನೋಡಿಕೊಂಡೇ ಮಾಡಿದೆ."

"ಆಗಿಹೋದದ್ದಕ್ಕೆ ಗುರಿ ಇಡೋದು ಸುಲಭ ಕಣ್ಲಾ" ಎಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು, ಮೊದಲ ಬಾರಿಗೆ 1971ರ ಡಿಸೆಂಬರಿನ ಒಂದು ಸಂಜೆಯ ಬಗ್ಗೆ ಹೇಳಿದರು. ಪಂಜಾಬಿನ ಒಂದು ವಿಮಾನ ನೆಲೆ. ಒಂದೇ ವಿಮಾನ, ತುಂಬ ಕೆಳಗೆ ಬಂದಿತ್ತಂತೆ. ಎಲ್ಲ ಸರಿಯಾಗಿತ್ತು. ಮೂಗು ಬಳೆಯ ನಡುವಿಗೆ ಮುಖ ಮಾಡಿತ್ತು. ಗುಂಡು ಹೋಯಿತು. "ಅವನು ಮನಸ್ಸು ಬದಲಾಯಿಸ್ದ. ಎಡಕ್ಕೆ ತಿರುಗ್ದ. ಬದುಕ್ಕೊಂಡ." ಆ ದಿನ ತಂಡದವರೆಲ್ಲ ಬೈದುಕೊಂಡರಂತೆ. ಈಗ ಅವರ ಮುಖದಲ್ಲಿ ಬೇಸರ ಕಾಣಲಿಲ್ಲ.

ಇತಿಹಾಸ ಬರೆಯುವವನ ಸ್ಥಿತಿ ನನ್ನ ಅರವತ್ತು ನಕ್ಷತ್ರಗಳದ್ದೇ. ಪಾರ್ಕಿನ್‌ಸನ್ನನ ಪೆನ್ನಿನಿಂದ ತೋಪು, ತೋಪಿನಿಂದ ವಿಟ್ನಿಯ ಚಿತ್ರ, ಚಿತ್ರದಿಂದ ನನ್ನ ಮೆನು ಎಂದು ನಾನು ನೇರ ಗೆರೆ ಎಳೆದು ತೋರಿಸಿದ್ದೇನೆ. ಎಲ್ಲವೂ ಇಲ್ಲಿಗೇ ಬರಬೇಕಿತ್ತು ಎಂಬಂತೆ ಅದು ಕಾಣುತ್ತದೆ. ಆದರೆ ಕನಸಿನಿಂದ ಎದ್ದ ಆ ಇಂಜಿನಿಯರನಿಗೆ, ಹಳೆ ಸಾಮಾನಿನ ರಾಶಿಯ ಮುಂದೆ ನಿಂತ ಜಾನ್ ವಿಟ್ನಿಗೆ ಮುಂದಿನ 25 ಚಿತ್ರಗಳನ್ನು ನೋಡುವ ಅವಕಾಶ ಇರಲಿಲ್ಲ. ವಿಟ್ನಿ ಆ ಪೆಟ್ಟಿಗೆಯನ್ನು ಕೊಳ್ಳದಿದ್ದರೆ ಅದು ಗುಜರಿಗೆ ಹೋಗಿರುತ್ತಿತ್ತು. ವೀನರ್ ತನ್ನ ವರದಿಯನ್ನು ಕೇಳಿದವರಿಗೆ ಕಳಿಸಿಬಿಡಬಹುದಿತ್ತು, ಯಾರೂ ತಪ್ಪೆನ್ನುತ್ತಿರಲಿಲ್ಲ. ಲೆಕ್ಕ ಹೇಳಿದ ದಾರಿಯನ್ನು ಬಿಟ್ಟು ಅವರು ತಿರುಗಿದರು. ಆ ತಿರುವನ್ನು ಮೊದಲೇ ಹೇಳಬಲ್ಲ ಯಂತ್ರ ಆಗ ಇರಲಿಲ್ಲ.

ಈಗಲೂ ಕಣಗಳ ಕೆಲಸ ಮಾಡುತ್ತೇನೆ. ಹೊಸದಾಗಿ ಸೇರುವ ಹುಡುಗ ಹುಡುಗಿಯರಿಗೆ ಬೋಳುತಲೆಯ ಕಥೆ ಹೇಳಿ, ಹೋಗುವ ಕಡೆಗೆ ಗುರಿ ಇಡಿ ಎಂದು ಕಲಿಸುತ್ತೇನೆ. ದೊಡ್ಡಪ್ಪ ಈಗಿಲ್ಲ. ಅವರ ಆ ಎಡಕ್ಕೆ ತಿರುಗಿದ ವಿಮಾನದ ಮಾತನ್ನು ಮಾತ್ರ ಪಾಠದ ಕೊನೆಗೆ ಉಳಿಸಿಕೊಂಡಿರುತ್ತೇನೆ.